ನ್ಯಾಸ್ ಯಾವ್ದು ತಗೊಳ್ಳೋದು ಅಂದ್ರೆ ನಾನು ಮೊದ್ಲು ಕೇಳೋದೇ ಬೇರೆ

ನನ್ನ ಕೆಲಸ ನೆಟ್‌ವರ್ಕು, ಸ್ಟೋರೇಜ್ ಸಪೋರ್ಟು. ಮನೇಲಿ ನಾಲ್ಕೈದು ಕಂಪ್ಯೂಟರ್ ಇರೋವ್ರು ಎಲ್ಲರ ಫೈಲೂ ಒಂದೇ ಕಡೆ ಇದ್ರೆ ಸಾಕಪ್ಪಾ ಅಂತ ನ್ಯಾಸ್ (ಮನೆ ನೆಟ್‌ವರ್ಕಿಗೆ ಸಿಕ್ಕಿಸಿ ಎಲ್ಲರೂ ಹಂಚ್ಕೊಳೋ ಡಿಸ್ಕ್ ಡಬ್ಬಿ) ಕೇಳ್ಕೊಂಡು ಬರ್ತಾರೆ, ಬಂದವ್ರು ಕೇಳೋದು ಯಾವ ಕಂಪನಿ ಡಬ್ಬಿ, ಎರಡು ಬೇ (ಡಿಸ್ಕ್ ಕೂರಿಸೋ ಖಾನೆ) ಸಾಕಾ ನಾಲ್ಕು ಬೇಕಾ ಅಂತ. ನಾನು ತಿರುಗಿ ಕೇಳೋದು ಇಷ್ಟೇ: ನಾಳೆ ಬೆಳಿಗ್ಗೆ ಈ ಡಬ್ಬಿ ಆನೇ ಆಗ್ಲಿಲ್ಲ ಅಂದ್ಕೊಳಿ, ಒಳಗಿರೋದ್ರಲ್ಲಿ ಯಾವ್ದು ಹೋದ್ರೆ ನಿಮಗೆ ತಡ್ಕೊಳೋಕೆ ಆಗಲ್ಲ?

ಹತ್ತು ಟಿಬಿ ಬೇಕೇ ಬೇಕು ಅಂದವ್ರೂ ಇದಕ್ಕೆ ಉತ್ತರ ಹುಡುಕೋಕೆ ಕೂತ್ರೆ ಸಿನಿಮಾ, ಹಳೇ ಇನ್‌ಸ್ಟಾಲರ್‌ಗಳು, ಮೂರು ಹೆಸರಲ್ಲಿ ಮೂರು ಸಲ ಕಾಪಿ ಆಗಿರೋ ಅದೇ ಫೋನ್ ಬ್ಯಾಕಪ್ ಫೋಲ್ಡರ್ ಎಲ್ಲಾ ಪಕ್ಕಕ್ಕಿಟ್ಟು ನೋಡಿದಾಗ, ಮತ್ತೆಲ್ಲೂ ಸಿಗದೇ ಇರೋದು ಅಂದ್ರೆ ಫೋಟೋ, ಸ್ಕ್ಯಾನ್ ಮಾಡಿಟ್ಟ ಕಾಗದಪತ್ರ, ಸ್ವಂತ ಕೆಲಸದ ಫೈಲು, ಸಾಮಾನ್ಯವಾಗಿ ಅಷ್ಟೇ. ಒಟ್ಟು ಲೆಕ್ಕದಲ್ಲಿ ಸಣ್ಣ ಪಾಲು ಅದು. ಆ ಪಾಲಿಗೆ ನ್ಯಾಸ್‌ಗೆ ಸಂಬಂಧವೇ ಇಲ್ದೇ ಇರೋ ಇನ್ನೊಂದು ಕಾಪಿ ಬೇಕು, ಆಗೋದಾದ್ರೆ ಮನೆಯಿಂದ ಹೊರಗಡೆ ಮತ್ತೊಂದು. ಇದರ ದುಡ್ಡು ಮೊದ್ಲು ಎತ್ತಿಡಿ, ಮಿಕ್ಕಿದ್ರಲ್ಲಿ ಡಬ್ಬಿ ನೋಡೋಣ ಅಂತೀನಿ.

ಇಲ್ಲಿ ಎಲ್ರೂ ಹೇಳೋ ಮಾತು ಒಂದಿದೆ, "ಎರಡು ಡಿಸ್ಕ್ ಹಾಕಿ ಮಿರರ್ ಮಾಡಿದ್ರೆ ಅದೇ ಬ್ಯಾಕಪ್ ಅಲ್ವಾ?" ಅಲ್ಲ. ಮಿರರ್ ಅಂದ್ರೆ ಎರಡು ಡಿಸ್ಕಲ್ಲೂ ಒಂದೇ ಡೇಟಾ ಬರೆಯೋದು, ಅದು ರೇಡ್‌ನ ಒಂದು ಬಗೆ. ರೇಡ್ ಅನ್ನೋದು 1988ರಲ್ಲಿ ಬರ್ಕ್ಲಿ ಯೂನಿವರ್ಸಿಟಿಯವ್ರು ಬರೆದ ಪೇಪರ್‌ನಿಂದ ಹೆಸರಾಗಿದ್ದು, ಅಗ್ಗದ ಡಿಸ್ಕ್‌ಗಳನ್ನ ಗುಂಪಾಗಿ ಕಟ್ಟಿ ಒಂದು ಸತ್ರೂ ಕೆಲಸ ನಿಲ್ಲದೇ ಇರ್ಲಿ ಅನ್ನೋ ಲೆಕ್ಕ. ಡಿಸ್ಕ್ ಸಾಯೋದು ಒಂದೇ ಕಾಯಿಲೆಗೆ ಅದು ಔಷಧಿ. ಯಾರೋ ಫೋಲ್ಡರ್ ಡಿಲೀಟ್ ಮಾಡಿದ್ರೆ ಎರಡೂ ಡಿಸ್ಕಲ್ಲಿ ಅದೇ ಗಳಿಗೆಗೆ ಡಿಲೀಟು, ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಲಾಕ್ ಮಾಡಿದ್ರೆ ಎರಡರಲ್ಲೂ ಲಾಕು, ಕಳ್ಳ ಡಬ್ಬಿ ಎತ್ಕೊಂಡು ಹೋದ್ರಂತೂ ಕೇಳೋದೇ ಬೇಡ.

ಡಿಲೀಟ್ ಮಾಡಿದ್ದಕ್ಕೆ ನಿಜವಾಗಿ ಕೈಹಿಡಿಯೋದು ಸ್ನ್ಯಾಪ್‌ಶಾಟ್, ಅಂದ್ರೆ ಆ ಗಳಿಗೇಲಿ ಫೈಲ್‌ಗಳು ಹೇಗಿದ್ವೋ ಹಾಗೇ ಹಿಡಿದಿಡೋದು. ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ (ಡಿಸ್ಕಲ್ಲಿ ಫೈಲ್ ಜೋಡಿಸಿಡೋ ವಿಧಾನ) ಇರೋ ಮಾಡೆಲ್ಲಾದ್ರೆ ಗಂಟೆಗೊಂದು ಸ್ನ್ಯಾಪ್‌ಶಾಟ್ ಇಟ್ರೂ ಬದಲಾದ ಭಾಗಕ್ಕೆ ಮಾತ್ರ ಜಾಗ ತಿನ್ನತ್ತೆ. ವಿಂಡೋಸಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ ಪ್ರೀವಿಯಸ್ ವರ್ಷನ್ಸ್ ಒತ್ತಿದ್ರೆ ನಿನ್ನೆಯ ಫೈಲ್ ಕಾಣೋ ಹಾಗೆ ಸೆಟ್ ಮಾಡಬಹುದು, ಮನೆಯವ್ರು ನನಗೆ ಫೋನ್ ಮಾಡೋ ಅಗತ್ಯನೇ ಇರಲ್ಲ. ತುಂಬಾ ಕೆಳಗಿನ ಮಾಡೆಲ್‌ಗಳಲ್ಲಿ ಬರೀ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಕೊಟ್ಟಿರ್ತಾರೆ, ಸಾಮಾನ್ಯವಾಗಿ ಈ ಸೌಕರ್ಯ ಸಿಗಲ್ಲ, ಅದನ್ನ ಡಬ್ಬಿ ಮೇಲೆ ಯಾರೂ ದಪ್ಪಕ್ಷರದಲ್ಲಿ ಬರೆಯಲ್ಲ ಬಿಡಿ. ಸ್ನ್ಯಾಪ್‌ಶಾಟೂ ಅದೇ ಡಿಸ್ಕಲ್ಲೇ ಕೂತಿರತ್ತೆ, ಹಾಗಾಗಿ ಹೊರಗಿನ ಕಾಪಿ ತಪ್ಪಿದ್ದಲ್ಲ.

ಇನ್ನು ಸ್ಪೀಡು. "ನ್ಯಾಸ್ ಸ್ಲೋ" ಅಂತ ಬರೋ ಕಂಪ್ಲೇಂಟ್‌ಗಳಲ್ಲಿ ನಾನು ಡಬ್ಬಿ ಮುಟ್ಟೋದು ಕೊನೆಗೆ. ಒಂದು ಮನೇಲಿ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕ್ಸೋಣ ಅನ್ನೋ ಮಟ್ಟಕ್ಕೆ ಬಂದಿದ್ರು, ದೊಡ್ಡ ವಿಡಿಯೋ ಕಾಪಿಗೆ ಇಟ್ರೆ ಸೆಕೆಂಡಿಗೆ 11 ಎಂಬಿ, ಅದಕ್ಕಿಂತ ಒಂಚೂರೂ ಮೇಲೆ ಏಳ್ತಿರ್ಲಿಲ್ಲ. ಆ ನಂಬರ್ ಕಂಡ್ರೆ ನಮ್ಮ ಕೆಲಸದವ್ರಿಗೆ ತಕ್ಷಣ ಗೊತ್ತಾಗತ್ತೆ, 100 ಮೆಗಾಬಿಟ್ ಲಿಂಕಿನ ಗರಿಷ್ಠ ಅದು. ನೆಟ್‌ವರ್ಕ್ ಸ್ವಿಚ್ಚು (ಮನೆಯ ಕೇಬಲ್‌ಗಳೆಲ್ಲಾ ಬಂದು ಸೇರೋ ಪೆಟ್ಟಿಗೆ) ಗಿಗಾಬಿಟ್ಟು, ನ್ಯಾಸೂ ಗಿಗಾಬಿಟ್ಟು, ಆದ್ರೆ ಆ ಪೋರ್ಟಿನ ಲೈಟ್ ಮಾತ್ರ ಬೇರೆ ಬಣ್ಣ. ಕೇಬಲ್ ಟೆಸ್ಟರ್ (ಒಳಗಿನ ಎಂಟು ವೈರಿಗೆ ಒಂದೊಂದು ದೀಪ) ಹಾಕಿದ್ರೆ ಏಳನೇ ದೀಪ ಹತ್ತಲ್ಲ. ಪ್ಲಗ್ ಹತ್ರದಿಂದ ನೋಡಿದ್ರೆ ಕಂದು ಜೋಡಿಯ ಒಂದು ವೈರು ಚಿನ್ನದ ಬಣ್ಣದ ಪಿನ್ನಿಗೆ ತಾಗೋದಕ್ಕೆ ಮುಂಚೇನೇ ನಿಂತುಬಿಟ್ಟಿದೆ. 100 ಮೆಗಾಬಿಟ್‌ಗೆ 1, 2, 3, 6 ಈ ನಾಲ್ಕು ವೈರ್ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು, ಒಂದು ಕೈಕೊಟ್ರೆ ಎಷ್ಟೋ ನೆಟ್‌ವರ್ಕ್ ಕಾರ್ಡ್‌ಗಳು ಸದ್ದಿಲ್ದೇ ಕೆಳಗಿನ ಸ್ಪೀಡಿಗೆ ಇಳಿದು ಕೆಲಸ ಮುಂದುವರಿಸ್ತವೆ, ಎರರ್ ಗಿರರ್ ಏನೂ ಬರಲ್ಲ. ತುದಿ ಕತ್ತರಿಸಿ ಹೊಸ ಪ್ಲಗ್ ಕ್ರಿಂಪ್ ಮಾಡಿದ್ಮೇಲೆ ಅದೇ ವಿಡಿಯೋ 110 ಎಂಬಿಗೆ ಹೋಯ್ತು.

ಗಿಗಾಬಿಟ್ ಅಂದ್ರೆ ಲೆಕ್ಕಕ್ಕೆ ಸೆಕೆಂಡಿಗೆ 125 ಎಂಬಿ, ಕೈಗೆ ಬರೋದು ಆ 110ರ ಆಸುಪಾಸು. ಈಗಿನ ಒಂದು ಮಾಮೂಲಿ ಹಾರ್ಡ್ ಡಿಸ್ಕೇ ದೊಡ್ಡ ಫೈಲ್‌ಗಳಲ್ಲಿ ಅದಕ್ಕಿಂತ ಜಾಸ್ತಿ ಕೊಡತ್ತೆ, ಹಾಗಿರುವಾಗ ದೊಡ್ಡ ಫೈಲ್‌ಗೋಸ್ಕರ ಗಿಗಾಬಿಟ್ ಮನೇಲಿ ಎಸ್‌ಎಸ್‌ಡಿ ತುಂಬೋದು ಯಾಕೆ ಅಂತ ನನಗೆ ಅರ್ಥ ಆಗಲ್ಲ. 2.5 ಗಿಗಾಬಿಟ್ ಬೇಕು ಅಂದ್ರೆ ನ್ಯಾಸ್, ಸ್ವಿಚ್, ಕಂಪ್ಯೂಟರ್ ಮೂರಕ್ಕೂ ಇರ್ಬೇಕು. ಲ್ಯಾಪ್‌ಟಾಪ್‌ಗಳು ವೈಫೈಯಲ್ಲೇ ಇರ್ಲಿ ಪರವಾಗಿಲ್ಲ, ನ್ಯಾಸ್ ಮಾತ್ರ ತಂತಿಯಲ್ಲೇ ಇರ್ಬೇಕು.

ಡಿಸ್ಕ್ ತಗೊಳ್ಳೋವಾಗ ಡೇಟಾಶೀಟ್‌ನಲ್ಲಿ ಸಿಎಂಆರ್ (ಡೇಟಾ ಬರೆಯೋ ಗೆರೆಗಳು, ಅಂದ್ರೆ ಟ್ರ್ಯಾಕ್‌ಗಳು, ಒಂದರ ಮೇಲೊಂದು ಬೀಳದ ಬಗೆ) ಅಂತ ಇದ್ಯಾ ನೋಡ್ಕೊಳಿ. ಎಸ್‌ಎಂಆರ್ ಡಿಸ್ಕಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಹೆಂಚಿನ ಥರ ಹೊದ್ದುಕೊಂಡಿರ್ತವೆ, ಒಂದನ್ನ ತಿದ್ದೋಕೆ ಪಕ್ಕದ್ದನ್ನೂ ಮತ್ತೆ ಬರೀಬೇಕು, ಒಂದು ಡಿಸ್ಕ್ ಸತ್ತು ಹೊಸದು ಹಾಕಿ ರೀಬಿಲ್ಡ್ (ಅದಕ್ಕೆ ಡೇಟಾ ಮತ್ತೆ ತುಂಬೋದು) ಮಾಡೋವಾಗ ಜೀವ ತಿಂದುಬಿಡತ್ತೆ. ನ್ಯಾಸ್‌ಗೆ ಅಂತಲೇ ಮಾರೋ ಕೆಲವು ಡಿಸ್ಕ್‌ಗಳೂ ಎಸ್‌ಎಂಆರ್ ಅನ್ನೋದು 2020ರಲ್ಲಿ ಹೊರಬಿದ್ದು ದೊಡ್ಡ ಗಲಾಟೆ ಆಯ್ತು. 4 ಟಿಬಿ ಡಿಸ್ಕ್ ಹಾಕಿದ್ರೆ ವಿಂಡೋಸ್ 3.63 ತೋರ್ಸೋದು ಮೋಸ ಅಲ್ಲ, ಡಿಸ್ಕ್ ಕಂಪನಿಯವ್ರದ್ದು ಸಾವಿರದ ಲೆಕ್ಕ, ವಿಂಡೋಸ್‌ದು 1024ರ ಲೆಕ್ಕ.

ಎಲ್ರಿಗೂ ಒಂದೇ ಯೂಸರ್ ನೇಮ್ ಒಂದೇ ಪಾಸ್‌ವರ್ಡ್ ಕೊಡಿ ಸಾರ್ ಅಂತಾರೆ, ನಾನು ಒಪ್ಪಲ್ಲ. ಒಬ್ಬರ ಲ್ಯಾಪ್‌ಟಾಪಿಗೆ ರ‍್ಯಾನ್ಸಮ್‌ವೇರ್ ಬಂದ್ರೆ ಅವ್ರಿಗೆ ಎಲ್ಲೆಲ್ಲಿ ಬರೆಯೋ ಅಧಿಕಾರ ಇದ್ಯೋ ಅಲ್ಲೆಲ್ಲಾ ಅದೂ ಬರೆಯತ್ತೆ, ಆದ್ರಿಂದ ಹಳೇ ಫೋಟೋ ಫೋಲ್ಡರ್ ಎಲ್ಲರಿಗೂ ಓದೋಕೆ ಮಾತ್ರ, ಬರೆಯೋದು ಒಬ್ಬರ ಅಕೌಂಟಲ್ಲಿ. ಹೆಸರಿಲ್ದೇ ಗೆಸ್ಟ್ ಆಗಿ ಒಳಗೆ ಹೋಗೋ ಪದ್ಧತಿಯಂತೂ ವಿಂಡೋಸ್ 11 ಪ್ರೊನಲ್ಲಿ 24ಎಚ್2 ಅಪ್‌ಡೇಟ್ ಆದ್ಮೇಲೆ ತಾನಾಗೇ ನಡೆಯಲ್ಲ, ಅಪ್‌ಡೇಟ್ ಆಯ್ತು ನ್ಯಾಸ್ ಕಾಣ್ತಿಲ್ಲ ಅಂದ್ರೆ ಮೊದ್ಲು ಇದನ್ನ ನೋಡಿ. ಹಳೇ ಟೀವಿಗೋ ಸ್ಕ್ಯಾನರ್‌ಗೋ ಅಂತ ಎಸ್‌ಎಂಬಿ1 (ನೆಟ್‌ವರ್ಕಲ್ಲಿ ಫೈಲ್ ಹಂಚೋ ಹಳೇ ಪದ್ಧತಿ) ಆನ್ ಮಾಡ್ಬೇಡಿ, 2017ರ ವನ್ನಾಕ್ರೈ ರ‍್ಯಾನ್ಸಮ್‌ವೇರ್ ಹರಡಿದ್ದು ಆ ದಾರೀಲೇ. ಹೊರಗಿನಿಂದ ನೋಡ್ಬೇಕು ಅಂತ ರೌಟರ್‌ನಲ್ಲಿ ಪೋರ್ಟ್ ತೆರೆದಿಡೋದೂ ಬೇಡ, 2022ರ ಜನವರೀಲಿ ಡೆಡ್‌ಬೋಲ್ಟ್ ಅನ್ನೋ ರ‍್ಯಾನ್ಸಮ್‌ವೇರ್ ಹಿಡಿದಿದ್ದು ಇಂಟರ್ನೆಟ್‌ಗೆ ನೇರವಾಗಿ ತೆರೆದಿದ್ದ ಕ್ಯೂನ್ಯಾಪ್ ಕಂಪನಿ ಡಬ್ಬಿಗಳನ್ನ. ವಿಪಿಎನ್ (ಹೊರಗಿನಿಂದ ಮನೆ ನೆಟ್‌ವರ್ಕಿಗೆ ಬರೋ ಗುಪ್ತ ದಾರಿ) ಹಾಕ್ಕೊಳಿ.

ಮತ್ತೆ ಔಟ್‌ಲುಕ್‌ನ ಮೇಲ್‌ಗಳನ್ನ ಕೂಡಿಡೋ ಪಿಎಸ್‌ಟಿ ಫೈಲ್ ನ್ಯಾಸ್ ಶೇರಲ್ಲಿಟ್ಟು ತೆರೆಯೋದನ್ನ ಮೈಕ್ರೋಸಾಫ್ಟೇ ಬೇಡ ಅನ್ನತ್ತೆ, ಅದರ ಕಾಪಿ ಮಾತ್ರ ಇಡಿ.

ಇಷ್ಟೆಲ್ಲಾ ಆದ್ಮೇಲೆ ಡಬ್ಬಿ ಆರಿಸೋಕೆ ಹೆಚ್ಚೇನೂ ಉಳಿದಿರಲ್ಲ. ಬಹಳ ಮನೆಗಳಿಗೆ ಎರಡು ಬೇ, ಸ್ನ್ಯಾಪ್‌ಶಾಟ್ ಇರೋದು, ಯುಪಿಎಸ್‌ನ ಯುಎಸ್‌ಬಿ ವೈರ್ ಚುಚ್ಚಿದ್ರೆ ಕರೆಂಟ್ ಹೋದಾಗ ತಾನೇ ನೀಟಾಗಿ ಶಟ್‌ಡೌನ್ ಆಗೋದು, ಎಷ್ಟು ವರ್ಷ ಅಪ್‌ಡೇಟ್ ಕೊಡ್ತಾರೆ ಅಂತ ಕಂಪನಿ ಬರೆದಿರೋದು, ಸಾಕು. ಹಳೇ ಪಿಸಿಗೆ ಟ್ರೂನ್ಯಾಸ್ ಅಥವಾ ಓಪನ್‌ಮೀಡಿಯಾವಾಲ್ಟ್ ಅನ್ನೋ ನ್ಯಾಸ್ ಸಾಫ್ಟ್‌ವೇರ್ ಹಾಕೋದೂ ಒಳ್ಳೇದೇ, ಆದ್ರೆ ಮನೇಲಿ ಅದನ್ನ ನೋಡ್ಕೊಳೋರು ಒಬ್ರಿರ್ಬೇಕು, ಕರೆಂಟೂ ಜಾಸ್ತಿ ಎಳೆಯತ್ತೆ. ಹ್ಯಾಂಡೋವರ್ ದಿನ ನಾನು ಒಂದು ಫೋಲ್ಡರ್ ಅವರ ಕೈಯಿಂದ್ಲೇ ಡಿಲೀಟ್ ಮಾಡ್ಸಿ, ಮೊದ್ಲು ಸ್ನ್ಯಾಪ್‌ಶಾಟಿಂದ, ಆಮೇಲೆ ಹೊರಗಿನ ಡಿಸ್ಕಿಂದ, ಎರಡು ಕಡೆಯಿಂದ್ಲೂ ಅವರ ಕೈಯಲ್ಲೇ ವಾಪಸ್ ತರಿಸ್ತೀನಿ, ಅದಾಗೋವರೆಗೂ ಬಿಲ್ ಕೊಡಲ್ಲ.