ಬಸ್ಸಿನ ಕಿಟಕಿ ಕುಯ್ದು ಮಂಚ ಹೊರಗೆ ತಳ್ಳಿದ ಕಥೆ

ಹೋದ ವರ್ಷ ಪುನರ್ವಸು ಮಳೇಲಿ ರಾತ್ರಿ ಎರಡೂವರೆಗೆ ನನ್ನ ಕಾಲಿನ ಹೆಬ್ಬೆರಳ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಕಾಲು ಎಳ್ಕೊಂಡೆ. ಇನ್ನೊಂದು ಹನಿ ಹೆಂಡತಿ ಕಾಲಿಗೆ ಬಿತ್ತು. "ರೀ, ಸೋರ್ತಿದೆ" ಅಂದ್ಲು, ಅಷ್ಟೇ, ಮಗ್ಗುಲು ಬದಲಾಯಿಸಿ ಮಲಗಿದ್ಲು. ಮೂರು ತಿಂಗಳು ವೆಲ್ಡಿಂಗ್ ಹೊಗೆ ಕುಡಿದು, ಶಿವಮೊಗ್ಗ ಆಟೋ ಕಾಂಪ್ಲೆಕ್ಸಿಗೆ ಲೆಕ್ಕ ಇಲ್ಲದಷ್ಟು ಸಲ ಓಡಾಡಿ ಮಾಡಿದ್ದ ನನ್ನ ಸ್ಲೈಡ್ ಔಟಿನ ಮೊದಲ ಮಳೆಗಾಲದ ರಿಪೋರ್ಟು ಇದು.

ಗೊತ್ತಿಲ್ಲದವರಿಗೆ ಹೇಳ್ತೀನಿ, ಸ್ಲೈಡ್ ಔಟ್ ಅಂದ್ರೆ ಗಾಡಿ ನಿಂತಾಗ ಗೋಡೆಯ ಒಂದು ಭಾಗ ಮೇಜಿನ ಡ್ರಾಯರ್ ತರ ಹೊರಗೆ ಬರೋದು, ಹೊರಡುವಾಗ ಒಳಗೆ ಹೋಗೋದು. ಅಮೆರಿಕದ ಮೋಟರ್‌ಹೋಮ್‌ಗಳಲ್ಲಿ ಇದು ಮಾಮೂಲಿ. ನಮ್ಮದು ಹಳೇ ಸ್ಕೂಲ್ ಬಸ್ಸು, ರಿಪ್ಪನ್‌ಪೇಟೆ ಕಡೆ ನಮ್ಮ ತೋಟದ ಅಂಗಳದಲ್ಲಿ ನಿಂತಿದೆ. ಸೀಟು ಕಿತ್ತಾಗ ಅಡಿಯಲ್ಲಿ ಪೆನ್ಸಿಲ್ ತುಂಡು, ಹುಣಸೆ ಬೀಜ, ಒಂದು ಕೈವಾರ, ಯಾರದೋ ಹಾಲುಹಲ್ಲು ಕೂಡ ಸಿಕ್ತು. ಹಳದಿ ಬಣ್ಣ ತೆಗೆದು ಹಸಿರು ಹೊಡೆಸಿದ್ವಿ, ಅಡುಗೆ ಕಟ್ಟೆ ಆಯ್ತು, 200 ಲೀಟರಿನ ನೀರಿನ ಟ್ಯಾಂಕ್ ಆಯ್ತು, ಎಲ್ಲಾ ಆದಮೇಲೆ ಗೊತ್ತಾಗಿದ್ದು ಏನಂದ್ರೆ ಮೂರು ಜನ ಮಲಗೋಕೆ ಜಾಗ ಇಲ್ಲ. ಒಳಗಿನ ಅಗಲ 2.2 ಮೀಟರ್. ಉದ್ದಕ್ಕೆ ಮಂಚ ಹಾಕಿದ್ರೆ ಓಡಾಡೋ ದಾರಿ ಹೋಯ್ತು, ಅಡ್ಡಕ್ಕೆ ಹಾಕಿದ್ರೆ ಬಸ್ಸಿಗೆ ಅಡ್ಡಗೋಡೆ ಕಟ್ಟಿದಂಗೆ, ಹಿಂದೆ ಇರೋರು ಮುಂದೆ ಬರ್ಬೇಕಂದ್ರೆ ಮಲಗಿದವರನ್ನ ದಾಟ್ಬೇಕು.

ಐಡಿಯಾ ಬಂದಿದ್ದು ಯೂಟ್ಯೂಬಿಂದ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ, ನಿಜ ಹೇಳ್ಬೇಕಂದ್ರೆ ಚಿಕ್ಕಪ್ಪನ ಮನೆಯಿಂದ. ಅವರು ಅಡಿಕೆ ಒಣಗಿಸೋಕೆ ಕೊಟ್ಟಿಗೆ ಮಾಡಿನ ಕೆಳಗೆ ಹಳಿ ಹಾಕಿ ಚಕ್ರದ ತಟ್ಟೆ ಮಾಡ್ಕೊಂಡಿದ್ದಾರೆ. ಬಿಸಿಲು ಬಂದ್ರೆ ಹೊರಗೆ ಎಳೀತಾರೆ, ಮೋಡ ಕಂಡ್ರೆ ಒಳಗೆ ತಳ್ತಾರೆ, ಅಡಿಕೆ ಮುಟ್ಟೋದೇ ಬೇಡ. ಅದನ್ನ ನೋಡ್ತಾ ನಿಂತಾಗ್ಲೇ ಮಂಚವನ್ನ ಹಿಂಗೆ ಯಾಕೆ ಮಾಡ್ಬಾರ್ದು ಅನ್ಸಿದ್ದು.

ಆದ್ರೆ ಸ್ಕೂಲ್ ಬಸ್ ಮನೆ ಮಾಡ್ಕೊಂಡಿರೋ ಅಮೆರಿಕದವರೇ ಹೆಚ್ಚಿನವರು ಸ್ಲೈಡ್ ಔಟ್ ತಂಟೆಗೆ ಹೋಗಲ್ಲ. ಕಾರಣ ಇದೆ. ಬಸ್ಸಿನ ಗೋಡೆ ಬರೀ ತಗಡಲ್ಲ, ನೆಲದಿಂದ ಎದ್ದು ಮಾಡನ್ನ ಬಳಸಿ ಆಚೆ ಕಡೆ ಇಳಿಯೋ ಪಕ್ಕೆಲುಬುಗಳ ಸಾಲು ಅದು. ಅಲ್ಲಿ 1977ರಿಂದ ಸ್ಕೂಲ್ ಬಸ್ಸಿನ ಮಾಡು ಬಸ್ಸಿನ ಖಾಲಿ ತೂಕದ ಒಂದೂವರೆ ಪಟ್ಟು ಭಾರ ತಡ್ಕೋಬೇಕು ಅಂತ ರೂಲ್ ಇದೆ, ಪಲ್ಟಿ ಹೊಡೆದ್ರೆ ಮಕ್ಕಳ ಮೇಲೆ ಕುಸೀಬಾರ್ದು ಅಂತ. ಆ ಪಕ್ಕೆಲುಬನ್ನೇ ನಾವು ಕುಯ್ದ್ರೆ ಉಳಿದಿದ್ದೇನು? ನಮ್ಮಲ್ಲಿ ಚಾಸಿ ಮೇಲೆ ಸ್ಕ್ವೇರ್ ಪೈಪಿನ ಗೂಡು ಕಟ್ಟಿ ಶೀಟ್ ಹೊಡೀತಾರೆ, ಲೆಕ್ಕಾಚಾರ ಅದೇ.

ನಮ್ಮ ಬಾಡಿ ಬಿಲ್ಡಿಂಗ್ ಭಾಯ್ ಹತ್ರ ಮೊದಲ ಡ್ರಾಯಿಂಗ್ ತಗೊಂಡು ಹೋದೆ. ಅದರಲ್ಲಿ ನೆಲದಿಂದ ಮಾಡಿನ ತನಕ ಪೂರ್ತಿ ಕೋಣೆನೇ ಹೊರಗೆ ಬರೋ ಹಂಗಿತ್ತು. ಅವರು ಬೀಡಿ ಆರ್ಸಿ, ಕಾಗದ ತಿರುಗಿಸಿ ತಿರುಗಿಸಿ ನೋಡಿ, "ಸಾರ್, ಇಷ್ಟೂ ಕುಯ್ದ್ರೆ ಮೇಲಿಂದನ್ನ ಯಾರು ಹಿಡ್ಕೊಂತಾರೆ, ನೀವಾ?" ಅಂದ್ರು. ಟೀ ಕುಡೀತಾ ಮಾತಾಡಿ ಮಾತಾಡಿ ಕೊನೆಗೆ ಬಂದಿದ್ದು ಇಲ್ಲಿಗೆ. ಕಿಟಕಿ ಕೆಳಗಿನ ಗೋಡೆ ಮುಟ್ಟೋದೇ ಬೇಡ, ಕಿಟಕಿ ಮೇಲಿನ ಉದ್ದ ಪಟ್ಟಿನೂ ಮುಟ್ಟೋದು ಬೇಡ. ಮಧ್ಯದ ಕಿಟಕಿ ಜಾಗ ಮಾತ್ರ, ಅದೂ ಆರಡಿ ಉದ್ದ, ಡ್ರೈವರ್ ಕಡೆ, ಹಿಂದಿನ ಚಕ್ರಕ್ಕಿಂತ ಮುಂದೆ. ಅಂದ್ರೆ ಕೋಣೆ ಹೊರಗೆ ಬರಲ್ಲ, ಮಂಚದ ಕಾಲ ಕಡೆ ಭಾಗ ಮಾತ್ರ ಹೊರಗೆ ಬರ್ತದೆ. ಒಳಗೆ ಕಿಟಕಿ ಮಟ್ಟಕ್ಕೆ 120 ಸೆಂಟಿಮೀಟರ್ ಅಗಲದ ಕಟ್ಟೆ, ನಮ್ಮ ಹಳೇ ಮನೆ ಜಗಲಿ ತರ, ಅದರ ಮೇಲಿಂದ 75 ಸೆಂಟಿಮೀಟರ್ ಆಳದ ಪೆಟ್ಟಿಗೆ ಹೊರಗೆ ಜಾರ್ತದೆ. ಎರಡೂ ಸೇರಿ 195. ತಲೆ ಬಸ್ಸೊಳಗೆ, ಕಾಲು ಹೊರಗೆ. ಭಾರ ಎಲ್ಲಾ ಸೊಂಟ ಎದೆ ಕಡೆ ಇರೋದ್ರಿಂದ ಹೊರಗಿನ ಪೆಟ್ಟಿಗೆ ಮೇಲೆ ಬೀಳೋದು ಬರೀ ಕಾಲಿನ ತೂಕ. ಇದು ಬುದ್ಧಿ ಉಪಯೋಗಿಸಿ ಮಾಡಿದ್ದು ಅಂತ ಆಮೇಲೆ ಎಲ್ಲರಿಗೂ ಹೇಳ್ಕೊಂಡೆ, ಆಗಿದ್ದು ಜಾಗ ಸಾಲದೆ.

ಕುಯ್ಯೋ ದಿನ ಒಂದು ಎಡವಟ್ಟು ಮಾಡ್ದೆ, ಅದು ನನ್ನದೇ ಅವಸರ. ಭಾಯ್ ಊಟಕ್ಕೆ ಹೋಗಿದ್ರು, ಬ್ಯಾಟರಿ ಟರ್ಮಿನಲ್ ಬಿಚ್ಚಿಟ್ಟಿದ್ವಿ (ವೆಲ್ಡಿಂಗ್ ಮಾಡೋವಾಗ ಅದನ್ನ ಬಿಚ್ಚದಿದ್ರೆ ಆಲ್ಟರ್ನೇಟರ್ ಸುಡ್ಬಹುದು, ಮರೀಬೇಡಿ), ಗ್ರೈಂಡರ್ ಕೈಯಲ್ಲಿತ್ತು, ಎರಡು ಪಿಲ್ಲರ್ ತಾನೇ ಅಂತ ಕುಯ್ದುಬಿಟ್ಟೆ. ಎರಡನೇದು ಮುಗಿಯೋ ಹೊತ್ತಿಗೆ ಟಕ್ ಅಂತ ಒಂದು ಸದ್ದು, ಬ್ಲೇಡು ಪೈಪಿನ ಮಧ್ಯೆ ಕಚ್ಕೊಂಡು ನಿಂತ್ಹೋಯ್ತು. ಏನೂ ಆಗಿಲ್ಲ ಅಂದ್ಕೊಂಡೆ. ಆಮೇಲೆ ಪಕ್ಕದ ಕಿಟಕಿ ಗಾಜು ಎಳೆದ್ರೆ ಬರಲ್ಲ. ಮಾಡು ನಾಲ್ಕು ಮಿಲಿಮೀಟರ್ ಕೂತಿತ್ತು. ಭಾಯ್ ಬಂದು ನೋಡಿ ಬೈಯ್ಲಿಲ್ಲ, ಅದೇ ಬೇಜಾರು, ಸುಮ್ನೆ ಹೋಗಿ ಎರಡು ಜಾಕ್ ತಂದ್ರು. ಒಳಗೆ ಹಲಗೆ ಕೊಟ್ಟು ಜಾಕ್ ಇಟ್ಟು, ಗಾರೆ ಕೆಲಸದವರ ಲೆವೆಲ್ ಪೈಪ್ ಕಟ್ಟಿ, ಇಷ್ಟಿಷ್ಟೇ ಎತ್ತಿ, ಗಾಜು ಮೊದಲಿನ ತರ ಜಾರೋ ತನಕ ಬಿಡ್ಲಿಲ್ಲ. ಆಮೇಲೆ ಮನೆ ಬಾಗಿಲ ಮೇಲೆ ಲಿಂಟಲ್ ಹಾಕ್ತೀವಲ್ಲ ಹಂಗೆ ಕಂಡಿ ಮೇಲೆ ಜೋಡಿ ಪೈಪು, ಎರಡು ಪಕ್ಕದ ಪಿಲ್ಲರಿಗೂ ಜೋಡಿ, ಜೊತೆಗೆ ಕಂಡಿಯ ಎರಡೂ ತುದಿಯಲ್ಲಿ ನೆಲದಿಂದ ನೆಲಕ್ಕೆ ಮಾಡಿನ ಒಳಮೈ ಬಳಸಿ ಒಂದೊಂದು ಕಮಾನು ಬಂತು. ಕಬ್ಬಿಣ ತೆಗೆದಿದ್ದಕ್ಕಿಂತ ಹಾಕಿದ್ದು ಜಾಸ್ತಿ.

ಜಾರೋ ವ್ಯವಸ್ಥೆ ಸಿಂಪಲ್. 75 ಎಂಎಂ ಸ್ಕ್ವೇರ್ ಪೈಪಿನೊಳಗೆ 60 ಎಂಎಂ ಪೈಪು, ಹೊರಗಿನದರ ದಪ್ಪ 5 ಎಂಎಂ, ಹಾಗಾಗಿ ಎರಡರ ಮಧ್ಯೆ ಎಲ್ಲಾ ಕಡೆ ಎರಡೂವರೆ ಎಂಎಂ ಸಂದು ಉಳೀತದೆ, ಅದಕ್ಕೆ ನೈಲಾನ್ ಪಟ್ಟಿ. ಇಂಥವು ಎರಡು ಜೊತೆ. ಪೂರ್ತಿ ಎಳೆದಾಗ 75 ಸೆಂಟಿಮೀಟರ್ ಹೊರಗೆ, 45 ಒಳಗೆ ಇರ್ತದೆ, ಒಳಗಿನ ಆ 45 ಇಲ್ಲದಿದ್ರೆ ಪೆಟ್ಟಿಗೆ ಮೂತಿ ಕೆಳಗೆ ಮಾಡ್ಕೊಂಡು ಕೂರ್ತಿತ್ತು. ತಲೆನೋವಾಗಿದ್ದು ಎರಡೂ ಕಡೆ ಒಟ್ಟಿಗೆ ಜಾರಿಸೋದು. ಹಳೇ ಮರದ ಬೀರುವಿನ ಡ್ರಾಯರನ್ನ ಒಂದೇ ಹಿಡಿ ಹಿಡಿದು ಎಳೆದ್ರೆ ಓರೆಯಾಗಿ ಸಿಕ್ಕಾಕ್ಕೊಳ್ಳುತ್ತಲ್ಲ, ಆರಡಿ ಉದ್ದದ ಪೆಟ್ಟಿಗೆ ಅದೇ ಮಾಡ್ತದೆ, ಆದ್ರೆ ನೂರು ಕೇಜಿ ಮೇಲೆ ತೂಕ ಇಟ್ಕೊಂಡು ಮಾಡ್ತದೆ. ಅದಕ್ಕೆ ಸ್ಲೈಡಿಂಗ್ ಗೇಟಿಗೆ ಹಾಕೋ ಹಲ್ಲಿನ ಪಟ್ಟಿ ಎರಡು ತಂದು, ಒಂದೇ ಶಾಫ್ಟಿಗೆ ಎರಡು ಗೇರ್ ಚಕ್ರ ಹಾಕಿಸಿದೆ, ಲೇತಿನವರು ಕೀ ವೇ (ಚಕ್ರ ಶಾಫ್ಟಿನ ಮೇಲೆ ಜಾರದಂಗೆ ಹಿಡಿಯೋ ಕಚ್ಚು) ಹೊಡೆದು ಕೂರಿಸಿಕೊಟ್ರು. ಶಾಫ್ಟ್ ತಿರುಗಿದ್ರೆ ಎರಡೂ ಕಡೆ ಒಂದೇ ಅಳತೆ. ಮೋಟರ್ ಹಾಕ್ಲಿಲ್ಲ. ಗುಜರಿಯಲ್ಲಿ ಸಿಕ್ಕಿದ ವರ್ಮ್ ಗೇರ್ ಬಾಕ್ಸು, ಅದಕ್ಕೊಂದು ಹ್ಯಾಂಡಲ್, ಹ್ಯಾಂಡಲ್ 30 ಸುತ್ತಿದ್ರೆ ಶಾಫ್ಟ್ ಒಂದು ಸುತ್ತು. ನಮ್ಮ ಗೇರ್ ಚಕ್ರ ಒಂದು ಸುತ್ತಿಗೆ 19 ಸೆಂಟಿಮೀಟರ್ ಹತ್ರ ತಳ್ಳೋದ್ರಿಂದ ಪೂರ್ತಿ ಹೊರಗೆ ಬರೋಕೆ ಹ್ಯಾಂಡಲ್ 120 ಸುತ್ತು. ಮಗ ಮೊದಲ ದಿನ ನಾನೇ ನಾನೇ ಅಂತ ತಿರುಗಿಸ್ದ, ಈಗ ಆ ಹೊತ್ತಿಗೆ ಸರಿಯಾಗಿ ಅವನಿಗೆ ಹೋಂವರ್ಕ್ ನೆನಪಾಗ್ತದೆ. ವರ್ಮ್ ಗೇರಿನ ಒಳ್ಳೇದೇನಂದ್ರೆ ಪೆಟ್ಟಿಗೆ ಕಡೆಯಿಂದ ತಳ್ಳಿದ್ರೆ ಅದು ಹಿಂದೆ ತಿರುಗಲ್ಲ. ಆದ್ರೂ ಅದನ್ನ ನಂಬ್ಕೊಂಡು ರಸ್ತೆಗೆ ಇಳಿಯೋಕಾಗಲ್ಲ, ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವಲ್ಲಿ ಆ ಭಾರ ಪ್ರತಿ ಸಲ ಹೊರಗೆ ಎಳೀತದೆ, ಅದಕ್ಕೆ ಬೆರಳು ದಪ್ಪದ ನಾಲ್ಕು ಪಿನ್ ಬೇರೆ. ಭಾರ ಸರಿದೂಗ್ಲಿ ಅಂತ ನೀರಿನ ಟ್ಯಾಂಕು, ಬ್ಯಾಟರಿ ಎರಡನ್ನೂ ಬಾಗಿಲ ಕಡೆಗೆ ಸ್ಥಳಾಂತರ ಮಾಡಿದ್ವಿ.

ಸರಿ, ಹೆಬ್ಬೆರಳಿನ ಹನಿಗೆ ಬರೋಣ. ನೋಡೋ ವಿಡಿಯೋಗಳೆಲ್ಲ ಬಿಸಿಲು ಊರಿನವು, ಅಲ್ಲಿ ರಬ್ಬರ್ ಬೀಡಿಂಗ್ ಹಾಕಿದ್ರೆ ಮುಗೀತು. ನಮ್ಮಲ್ಲಿ ಮಳೆ ಮೇಲಿಂದ ಬರಲ್ಲ, ಪಕ್ಕದಿಂದ ಬರ್ತದೆ. ಇರಚಲು ಹೊಡೆಯೋ ಕಡೆಗೆ ಹಿಂದಿನವರು ಜಗಲಿಗೆ ಸೋಗೆ ತಟ್ಟಿ ಕಟ್ತಿದ್ದಿದ್ದು ಸುಮ್ನೇನಾ? ನಾನು ಲೆಕ್ಕದಲ್ಲಿ ಎಲ್ಲಾ ಸರಿ ಮಾಡಿದ್ದೆ. ಪೆಟ್ಟಿಗೆ ಹೊರತುದಿಗೆ ಒಂದು ಅಂಚು, ಮುಚ್ಚಿದಾಗ ಅದು ಬಸ್ಸಿನ ಹೊರಮೈಗೆ ಒತ್ತಬೇಕು, ಒಳತುದಿಗೆ ಇನ್ನೊಂದು ಅಂಚು, ತೆರೆದಾಗ ಒಳಮೈಗೆ ಒತ್ತಬೇಕು. ಎರಡಕ್ಕೂ ಟೊಳ್ಳು ಇರೋ ಉಬ್ಬು ರಬ್ಬರು. ಕಂಡಿ ಸುತ್ತ ಪೆಟ್ಟಿಗೆ ಮೈ ಒರೆಸೋ ನಾಲಿಗೆ ರಬ್ಬರು. ಪೆಟ್ಟಿಗೆ ಮಾಡಿಗೆ ಹೊರಗಡೆ ಒಂದಿಂಚು ಇಳಿಜಾರು. ಆದ್ರೂ ಹನಿ.

ಹನಿ ಬೀಳ್ತಿದ್ದಿದ್ದು ಹೊರತುದಿಯಲ್ಲಿ, ಕಾಲ ಹತ್ರ. ಹಾಗಾಗಿ ಹೊರತುದಿಯ ರಿವೆಟ್ಟಿಗೆಲ್ಲ ಸೀಲಂಟ್ ಬಳಿದೆ. ಮತ್ತೆ ಹನಿ. ಮತ್ತೆ ಬಳಿದೆ. ಮೂರು ಟ್ಯೂಬು ಖಾಲಿ. ನಾಲ್ಕನೇದಕ್ಕೆ ಪೇಟೆಗೆ ಹೊರಟಾಗ ಅಮ್ಮ, "ಎಲ್ಲಿಂದ ಬರ್ತದೆ ಅಂತ ನೋಡದೆ ಎಷ್ಟ್ ಅಂತ ಮೆತ್ತೀಯ ಮಗಾ" ಅಂದು ಒಂದು ಚೊಂಬು ಅರಿಶಿನ ನೀರು ಕಲಸಿ ಕೊಟ್ರು. ಮಳೆ ಹೊಳವಾದ ಒಂದು ಮಧ್ಯಾಹ್ನ ಬಸ್ಸಿನ ಮಾಡು ಹತ್ತಿ ಅದನ್ನ ಸುರಿದೆ, ಹಿಂದೆನೇ ಪೈಪಲ್ಲಿ ನೀರು ಬಿಟ್ಟೆ, ಹೆಂಡತಿ ಒಳಗೆ ಟಾರ್ಚ್ ಹಿಡ್ಕೊಂಡು ಮಲಗಿದ್ಲು. ಹಳದಿ ಗೆರೆ ಶುರುವಾಗಿದ್ದು ಕಾಲ ಹತ್ರ ಅಲ್ಲ, ಸೊಂಟದ ಹತ್ರ, ಗೋಡೆ ಸೇರೋ ಕಡೆ! ಬಸ್ಸಿನ ಮಾಡಿನ ನೀರೆಲ್ಲಾ ಗೋಡೆ ಮೇಲೆ ಇಳಿದು ಸೀದಾ ಮೇಲಿನ ನಾಲಿಗೆ ರಬ್ಬರಿನ ಹಿಂದೆ ನುಗ್ಗಿ, ಪೆಟ್ಟಿಗೆಯ ಒಳ ಸೀಲಿಂಗಿಗೆ ಅಂಟ್ಕೊಂಡು, ನಾನೇ ಕೊಟ್ಟ ಒಂದಿಂಚು ಇಳಿಜಾರಲ್ಲಿ ಆರಾಮಾಗಿ ನಡ್ಕೊಂಡು ಹೋಗಿ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಮಾಡಿದ್ದು ಇಷ್ಟೇ, ಕಂಡಿಗಿಂತ ನಾಲ್ಕು ಬೆರಳು ಮೇಲೆ ಅಲ್ಯೂಮಿನಿಯಂ ಆಂಗಲ್ ಒಂದನ್ನ ಸ್ವಲ್ಪ ಓರೆಯಾಗಿ ಹೊಡೆದು, ಸೂರಿಗೆ ಅಡಿಕೆ ಮರದ ದೋಣಿ ಕಟ್ತೀವಲ್ಲ ಹಂಗೆ ನೀರನ್ನ ಪಕ್ಕಕ್ಕೆ ತಿರುಗಿಸಿದೆ. ಇನ್ನೂರು ರೂಪಾಯಿ ಸಾಮಾನು. ಅರಿಶಿನದ ಕಲೆ ಹಾಸಿಗೆ ಮೇಲೆ ಇವತ್ತಿಗೂ ಇದೆ.

ಇನ್ನು ಸಣ್ಣಪುಟ್ಟವು ಬೇಕಾದಷ್ಟು. ಕಾಮನ್ ಪ್ಲೈ ಹಾಕಿದ್ದ ಕಡೆ ಒಂದೇ ಮಳೆಗಾಲಕ್ಕೆ ಪದರ ಬಿಟ್ಕೊಂಡು ಬೂಸ್ಟು ಬಂತು, ಈಗ ಐಎಸ್ 710 ಮುದ್ರೆ ಇರೋ ಮರೀನ್ ಪ್ಲೈ, ದುಡ್ಡು ಹೋದ್ರೆ ಹೋಗ್ಲಿ. ಪೈಪ್ ಹೊರಗೆ ಬರೋ ಸಂದಲ್ಲಿ ಉಂಬಳ (ರಕ್ತ ಹೀರೋ ಜಿಗಣೆ) ಹತ್ತಿ ಬಂತು, ಅಲ್ಲಿಗೆ ಶೌಚಾಲಯ ತೊಳೆಯೋ ಬ್ರಷ್ಷಿನ ಕೂದಲು ಕುಯ್ದು ಒತ್ತಾಗಿ ತುರುಕಿದೀನಿ, ನಗ್ಬೇಡಿ, ಕೆಲಸ ಮಾಡ್ತದೆ. ಒಳಗೆ ಎಳೆಯೋ ಮುಂಚೆ ಪೆಟ್ಟಿಗೆ ಮಾಡು ಗುಡಿಸ್ಲೇಬೇಕು, ಇಲ್ಲಾಂದ್ರೆ ಒದ್ದೆ ಎಲೆ, ಹಿಂಗಾರದ ಪುಡಿ ಎಲ್ಲಾ ರಬ್ಬರ್ ದಾಟಿ ಹಾಸಿಗೆಗೆ ಬರ್ತದೆ.

ಕಾಗದದ ವಿಷಯ ತುಂಬಾ ಜನ ಕೇಳ್ತಾರೆ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿ ಇರೋ ವಿವರಕ್ಕೆ ವ್ಯತ್ಯಾಸ ಆಗೋ ಹಂಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿದೆ. ಅಗಲ 2.6 ಮೀಟರ್ ಮೀರೋ ಹಾಗಿಲ್ಲ, ನಮ್ಮದು ಮುಚ್ಚಿದಾಗ ರಬ್ಬರ್ ಅಂಚೂ ಸೇರಿ ಅದರೊಳಗಿದೆ. ನಾನು ಕುಯ್ದ ಮೇಲೆ ಬ್ರೇಕ್ ಇನ್‌ಸ್ಪೆಕ್ಟರ್ ಹತ್ರ ಹೋದವನು, ನೀವು ಕುಯ್ಯೋ ಮುಂಚೆ ಹೋಗಿ. ಅರ್ಜಿ ಇನ್ನೂ ಓಡಾಡ್ತಿದೆ, ಅಲ್ಲಿ ತನಕ ನಮ್ಮ ಬಸ್ಸು ಓಡಾಡೋದು ಮನೆ ಅಂಗಳದಿಂದ ತೋಟದ ಗೇಟಿನ ತನಕ. ಆಗುಂಬೆ ಲೆಕ್ಕ ಎಲ್ಲಾ ಸದ್ಯಕ್ಕೆ ಪೇಪರ್ ಮೇಲೆನೇ, ಹೆಂಗೂ ಮಳೆಗಾಲದಲ್ಲಿ ಅಲ್ಲಿ ದೊಡ್ಡ ಗಾಡಿಗಳನ್ನ ಆಗಾಗ ನಿಲ್ಲಿಸಿಬಿಡ್ತಾರೆ.

ಅಮ್ಮಂದು ಮಾತ್ರ ಬೇರೆ ತಕರಾರು. ಓಡದ ಬಸ್ಸಿಗೆ ಜಾರೋ ಮಂಚ ಯಾಕೆ, ಪಕ್ಕಕ್ಕೆ ಒಂದು ಜಗಲಿ ಕಟ್ಟಿದ್ರೆ ಆಗ್ತಿರ್ಲಿಲ್ವಾ ಅಂತ. ಅದೂ ಸಾಲದೆ, ಒಂದು ಸಂಜೆ ಒಳಗೆ ಬಂದು ಮಂಚ ನೋಡಿ, ಕಿಟಕಿಯಲ್ಲಿ ಬಗ್ಗಿ ಸೂರ್ಯ ಎಲ್ಲಿ ಮುಳುಗ್ತಿದ್ದಾನೆ ಅಂತ ನೋಡಿ, "ಉತ್ತರಕ್ಕೆ ತಲೆ ಹಾಕಿ ಮಲಗ್ತಿದೀರಲ್ಲೋ ಇಷ್ಟು ದಿನ" ಅಂತ ಹೌಹಾರಿದ್ರು. ಮಾರನೇ ದಿನ ಪೆಟ್ಟಿಗೆ ಒಳಗೆ ಎಳೆದು, ಪಿನ್ ಹಾಕಿ, ಬಸ್ ಸ್ಟಾರ್ಟ್ ಮಾಡಿ ಅಂಗಳದಲ್ಲೇ ತಿರುಗಿಸಿ ನಿಲ್ಲಿಸಿದೆ. ಈಗ ತಲೆ ಪೂರ್ವಕ್ಕೆ, ಕಾಲು ಪಶ್ಚಿಮಕ್ಕೆ, ಅಂದ್ರೆ ಪೆಟ್ಟಿಗೆ ಮುಖ ಸರಿಯಾಗಿ ಇರಚಲು ಬರೋ ದಿಕ್ಕಿಗೆ. ಹಿಂದಿನ ಮೂಲೆಯಲ್ಲಿ ಮತ್ತೆ ಒಂದು ಹನಿ ಶುರುವಾಗಿದೆ. ಸದ್ಯಕ್ಕೆ ಅಲ್ಲಿ ಹಳೇ ತುಪ್ಪದ ಡಬ್ಬ ಇಟ್ಟಿದೀನಿ.