ಪಿಕ್ ಅಪ್ ಅಂದರೆ ಎತ್ತುವುದು ಮಾತ್ರ ಅಲ್ಲ

ಡೊಂಬಿವಲಿ
14 ಜೂನ್ 2024, ಶುಕ್ರವಾರ

ಅಣ್ಣನ ಮಗಳು ಶಿವಮೊಗ್ಗದಿಂದ ಬಂದು ನವಿ ಮುಂಬೈನ ಐರೋಲಿಯ ಒಂದು ಆಫೀಸಿಗೆ ಸೇರಿದ್ದಾಳೆ. ರಾತ್ರಿ ಊಟ ಆದಮೇಲೆ ನೋಟ್‌ಬುಕ್ ತಂದು ಮುಂದಿಟ್ಟಳು. ಮೇಲೆ ‘ಪಿಕ್ ಅಪ್’, ಕೆಳಗೆ ಪುಟ ತುಂಬ ಅರ್ಥಗಳು. “ಅತ್ತೆ, ಇದನ್ನೆಲ್ಲ ಬಾಯಿಪಾಠ ಮಾಡಬೇಕಾ?”

ಖಂಡಿತ ಬೇಡ ಅಂದೆ. ಅವಳ ದಿನವನ್ನೇ ಇಟ್ಟುಕೊಂಡು ಮಾತಾಡಿದೆವು. ಕ್ಯಾಬ್ ಅವಳನ್ನು ಪಿಕ್ ಅಪ್ ಮಾಡಿತು ಅಂದರೆ ಹತ್ತಿಸಿಕೊಂಡು ಹೋಯಿತು. ಫೋನಾದರೆ ಎತ್ತಿದಳು. ಭಾಜಿ ಮಾರುವವಳ ಜೊತೆ ಮಾತಾಡ್ತಾ ಮರಾಠಿ ಪಿಕ್ ಅಪ್ ಮಾಡಿದಳು ಅಂದರೆ ಪುಸ್ತಕ ಮುಟ್ಟದೆ, ಕೇಳಿ ಕೇಳಿಯೇ ಕಲಿತಳು. ಫಾಸ್ಟ್ ಲೋಕಲ್ ಟ್ರೈನು ಸ್ಪೀಡ್ ಪಿಕ್ ಅಪ್ ಮಾಡಿತು ಅಂದರೆ ವೇಗ ಹೆಚ್ಚಿಸಿಕೊಂಡಿತು. ನೆಗಡಿಯಾದರೆ ಯಾರಿಂದಲೋ ಅಂಟಿದ್ದು. ವ್ಯಾಪಾರವಾದರೆ ಚೇತರಿಸಿಕೊಂಡಿತು. ಪೊಲೀಸರು ಮಾಡಿದರೆ ಹಿಡಿದುಕೊಂಡು ಹೋದರು.

ಯಾರು, ಏನನ್ನು ಅಂತ ನೋಡಿದರೆ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ‘ಹಿಡಿ’ಯೂ ಹಾಗೇ ಅಲ್ವಾ? ಬಸ್ ಹಿಡಿಯುತ್ತೇವೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಸಂಜೆಗೆ ಮಳೆ ಹಿಡಿಯುತ್ತದೆ. ಯಾರೂ ನಮಗೆ ಪಟ್ಟಿ ಬರೆಸಿ ಕಲಿಸಲಿಲ್ಲ.

ಆದರೂ ಅವಳ ಕಷ್ಟ ಸುಮ್ನೆ ಅಲ್ಲ. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಮುನ್ನುಡಿಯಲ್ಲೇ ಹೇಳಿದ್ದಾರೆ: ಕ್ರಿಯಾಪದದ ನಂತರ ಒಂದು ಚಿಕ್ಕ ಪದ ಬಂದು ಅರ್ಥ ಬದಲಾಗುವುದು ಹೊರಗಿನವರಿಗೆ ತುಂಬ ಕಷ್ಟ ಅಂತ.

ಜಾಸ್ತಿ ಹೊತ್ತು ಹಿಡಿದದ್ದು ಆಫೀಸಿನ ಒಂದು ಮೆಸೇಜು. ‘ಲೆಟ್ಸ್ ಪಿಕ್ ದಿಸ್ ಅಪ್ ಆನ್ ಮಂಡೇ.’ ಸೋಮವಾರ ಏನೋ ಫೈಲ್ ತರಬೇಕು ಅಂದುಕೊಂಡಿದ್ದಳು ಪಾಪ. ನಿಲ್ಲಿಸಿದ ಚರ್ಚೆಯನ್ನು ಅವತ್ತು ಮುಂದುವರಿಸೋಣ ಅಂತ ಅದರ ಅರ್ಥ. ನಮ್ಮಲ್ಲೂ ಮಾತು ಎತ್ತುತ್ತೇವೆ, ನಿಜ. ಆದರೆ ಅದು ಹೊಸದಾಗಿ ತೆಗೆಯುವ ಮಾತು. ಇಲ್ಲಿ ಬಿಟ್ಟ ಜಾಗದಿಂದಲೇ ಶುರು.

ಅದೇ ವಾಕ್ಯ ಇನ್ನೊಂದು ಪಾಠಕ್ಕೂ ಒದಗಿತು. ‘ದಿಸ್’ ನಡುವೆ ಕೂತಿದೆ ನೋಡು ಅಂದೆ. ‘ಪಿಕ್ ಅಪ್ ದ ಬ್ಯಾಗ್’ ಸರಿ, ‘ಪಿಕ್ ದ ಬ್ಯಾಗ್ ಅಪ್’ ಕೂಡ ಸರಿ. ಬ್ಯಾಗ್ ಬದಲು ‘ಇಟ್’ ಬಂತೋ, ‘ಪಿಕ್ ಇಟ್ ಅಪ್’ ಒಂದೇ ದಾರಿ. ಮೆಸೇಜಿಗೆ ಉತ್ತರ ಬರೆದಿಟ್ಟಿದ್ದಳು, ಇನ್ನೂ ಕಳಿಸಿರಲಿಲ್ಲ. ಅದರಲ್ಲಿದ್ದ ‘ಪಿಕ್ ಅಪ್ ಇಟ್’ ಅವಳೇ ಹುಡುಕಿ ತಿದ್ದಿದಳು.