ಹಣ ಹಾಕ್ಲಿಕ್ಕೆ ಬಂದವರು

"ಕಣ್ಣು ಕಾಣದವರು ನಮ್ಮ ವೆಬ್‌ಸೈಟ್ ಯಾಕೆ ನೋಡ್ತಾರೆ ಮಾರಾಯ್ರೆ?"

ಮೊನ್ನೆ ಬದಿಯಡ್ಕದಲ್ಲಿ ಟ್ರಸ್ಟಿನ ಮೀಟಿಂಗಿನಲ್ಲಿ ಖಜಾಂಚಿಯವರು ಕೇಳಿದ್ದು. ಕಣ್ಣು ಕಾಣದವರಿಗೂ ನಮ್ಮ ವೆಬ್‌ಸೈಟ್ ಎಟುಕಬೇಕು ಅಂತ ನಾನು ಹೇಳಿದ್ದಕ್ಕೆ. ಕೇಳಿದ್ದು ನನ್ನನ್ನು, ಉತ್ತರ ಬಂದದ್ದು ಪಕ್ಕದಲ್ಲಿದ್ದ ಮಾಷ್ಟ್ರಿಂದ. ಪೆರ್ಲದ ಕಡೆಯವರು, ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾರೆ, ಹುಟ್ಟಿನಿಂದಲೇ ದೃಷ್ಟಿ ಇಲ್ಲ.

"ನೋಡ್ಲಿಕ್ಕೆ ಅಲ್ಲ. ಹಣ ಹಾಕ್ಲಿಕ್ಕೆ."

ಕೋಪವಿಲ್ಲ, ನಗುವೂ ಇಲ್ಲ. ಚಹಾ ಬೇಕಾ ಎಂದರೆ ಬೇಡ ಎನ್ನುವ ಹಾಗೆ ಹೇಳಿದರು. ಈ ಮಾತು ಮಾತ್ರ ನನ್ನ ತಲೆಯಿಂದ ಇಳಿಯುತ್ತಿಲ್ಲ.

ಖಜಾಂಚಿ ಕೆಟ್ಟವರಲ್ಲ. ಎಣ್ಮಕಜೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಮನೆಗಳಿಗೆ ಜಡಿಮಳೆಯಲ್ಲೂ ಅಕ್ಕಿ ಹೊತ್ತವರು. ಆದರೆ ಅವರ ಲೆಕ್ಕದಲ್ಲಿ ಅಂಗವಿಕಲರು ಅಂದರೆ ಕೈ ಚಾಚುವವರು. ಸಂಬಳ ಬರುವವರು, ತಿಂಗಳಿಗಿಷ್ಟು ಅಂತ ಕೊಡುವವರು ಅವರಲ್ಲೂ ಇರಬಹುದು ಅಂತ ಹೊಳೆದೇ ಇಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಮದ್ದು ಸುರಿಯುವುದು ನಿಂತದ್ದು 2000ದ ಹೊತ್ತಿಗೆ. ಅಂದಿನಿಂದ ನಮ್ಮೂರಿನ ಮಕ್ಕಳ ಫೋಟೊ ತೆಗೆದವರಿಗೆ ಲೆಕ್ಕವಿಲ್ಲ. ಚೆಕ್ ಕೊಡುವ ಫೋಟೊ ನೋಡಿ ನೋಡಿ ನಮಗೂ ಹಾಗೇ ಅಭ್ಯಾಸ ಆಗಿದೆ, ಅಲ್ವಾ?

ಮಾಷ್ಟ್ರು ಪರದೆಯಲ್ಲಿದ್ದದ್ದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟರು. ಅವರು ಕೇಳುವ ವೇಗದಲ್ಲಿ ನಮಗೆ ಒಂದಕ್ಷರ ತಿಳಿಯಲಿಲ್ಲ. ನಿಧಾನ ಮಾಡಿದರು. "ಐಎಂಜಿ, ಅಂಡರ್‌ಸ್ಕೋರ್..." ಅಂತ ಯಾವುದೋ ನಂಬರು ಓದಿತು. ಅದು ನಮ್ಮ ಟ್ರಸ್ಟಿನ ಪರಿಚಯ! ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ವೆಬ್‌ಸೈಟಿಗೆ ಹಾಕಿದರೆ ಚೆಲ್ಲಾಪಿಲ್ಲಿ ಆಗುತ್ತದೆ ಅಂತ ಯಾರೋ ಅದನ್ನು ಫೋಟೊ ಮಾಡಿ ಹಾಕಿದ್ದರು. ನಮಗೆ ಕನ್ನಡ ಅಕ್ಷರ, ಫೋನಿಗೆ ಬರೀ ಚಿತ್ರ. ಮುಂದೆ "ಅನ್‌ಲೇಬಲ್ಡ್, ಬಟನ್" ಅಂದಿತು. ಅದೇ ದೇಣಿಗೆಯ ಬಟನ್. ಒತ್ತಿದರೆ ಕ್ಯೂಆರ್ ಕೋಡ್, ಅದೂ ಚಿತ್ರ. ಕೆಳಗೆ ಯುಪಿಐ ಐಡಿ ಬರೆದಿಲ್ಲ. ರಶೀದಿ ಬೇಕಾದರೆ ಫಾರ್ಮ್ ತುಂಬಬೇಕು, ಅದರ ಕೊನೆಗೆ ಸೊಟ್ಟಪಟ್ಟ ಅಕ್ಷರದ ಕ್ಯಾಪ್ಚಾ.

"ಹಣ ಕೊಡ್ತೇನೆ ಅಂದ್ರೂ ಬೇಡ ಅಂತೀರಲ್ಲ" ಅಂದರು ಮಾಷ್ಟ್ರು. ಈ ಸಲ ನಕ್ಕರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಡಿಜಿಟಲ್ ಸೇವೆ ಎಟುಕುವುದು ಬದುಕುವ ಹಕ್ಕಿನದೇ ಭಾಗ ಅಂತ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಅದನ್ನೆಲ್ಲ ಹೇಳಿದೆ, ಯಾರೂ ತಲೆ ಎತ್ತಲಿಲ್ಲ. ದೇಣಿಗೆ ತಪ್ಪುತ್ತಿದೆ ಅಂದಾಗ ಖಜಾಂಚಿ ಪೆನ್ನು ತೆಗೆದರು.

ಕೆಲಸ ಶುರುವಾಯಿತು. ಬರಹವೆಲ್ಲ ಫೋನು ಅಕ್ಷರ ಅಂತಲೇ ಓದಬಲ್ಲ ಯೂನಿಕೋಡಿಗೆ ಬಂತು. ಕನ್ನಡ ಪುಟಕ್ಕೆ ಕನ್ನಡ, ಮಲಯಾಳಂ ಪುಟಕ್ಕೆ ಮಲಯಾಳಂ ಅಂತ ಕೋಡಿನಲ್ಲಿ ಭಾಷೆ ಸೂಚಿಸಿದ್ದಾಯಿತು, ಇಲ್ಲದಿದ್ದರೆ ಫೋನು ಇಂಗ್ಲಿಷ್ ದನಿಯಲ್ಲಿ ಒದ್ದಾಡುತ್ತದೆ. ಕ್ಯಾಪ್ಚಾ ಹೋಯಿತು. ಯುಪಿಐ ಐಡಿ ಅಕ್ಷರದಲ್ಲೇ ಬಂತು.

ತಡವಾದದ್ದು ಮುಖಪುಟದ ದೊಡ್ಡ ಫೋಟೊದಲ್ಲಿ. ಗಾಲಿಕುರ್ಚಿಯಲ್ಲಿ ಒಬ್ಬ ಹುಡುಗ. ಫೋನು ಓದಿ ಹೇಳ್ಲಿಕ್ಕೆ ಅದಕ್ಕೆ ವಿವರ ಬರೆಯಬೇಕು. "ಅಸಹಾಯಕ ಬಾಲಕ ಅಂತ ಹಾಕಿ" ಅಂದರು ಅಧ್ಯಕ್ಷರು. ಮಾಷ್ಟ್ರು ಕೇಳಿದರು: "ಅವ ಎಂತ ಮಾಡ್ತಿದ್ದಾನೆ?" ಆಗ ಎಲ್ಲರೂ ಪರದೆಗೆ ಬಗ್ಗಿದರು. ಹುಡುಗನ ಮುಂದೆ ಕೇರಂ ಬೋರ್ಡ್. ಬೆರಳು ಮಡಚಿ ಸ್ಟ್ರೈಕರಿಗೆ ಗುರಿ ಹಿಡಿದಿದ್ದಾನೆ, ನಾಲಿಗೆ ತುಸು ಹೊರಗೆ. ಹಾಗೇ ಬರೆದೆವು.

ಅಧ್ಯಕ್ಷರಿಗೆ ತಮ್ಮ ಫೋಟೊಗಳದ್ದೇ ಚಿಂತೆ. ಹಾರ, ಶಾಲು, ಉದ್ಘಾಟನೆ ಅಂತ ರಾಶಿ ಇವೆ. ನಿನ್ನೆ ಫೋನ್ ಮಾಡಿ "ಅದಕ್ಕೆಲ್ಲ ಎಂತ ಬರ್ದಿದ್ದೀರಿ?" ಅಂತ ಕೇಳಿದರು. ಬರೀ ಅಲಂಕಾರಕ್ಕೆ ಇರುವ ಚಿತ್ರಕ್ಕೆ ವಿವರ ಖಾಲಿ ಬಿಡಬೇಕು, ಫೋನು ಅದನ್ನು ಹಾರಿಸಿಕೊಂಡು ಹೋಗುತ್ತದೆ ಅಂತ ನಿಯಮವೇ ಇದೆ. "ನಿಯಮದ ಪ್ರಕಾರವೇ ಮಾಡಿದ್ದೇನೆ ಸಾರ್" ಅಂದೆ.